ವಾಲ್ಟೇರಿನಿಂದ ಗುಣದಲಕ್ಕೆ, ಸ್ಪ್ಯಾನಿಷ್ ಹುಡುಕುತ್ತಾ

ವಿಶಾಖಪಟ್ಟಣದ ಮೀನುಗಾರಿಕಾ ಬಂದರನ್ನು ನೋಡಬೇಕೆಂದರೆ ಬೆಳಕು ಹರಿಯುವ ಮೊದಲೇ ಹೋಗಬೇಕು. ದೋಣಿಗಳು ದಡಕ್ಕೆ ಬಂದು, ಬುಟ್ಟಿಗಳು ಇಳಿದು, ಹರಾಜಿನ ಕೂಗು ಏಳುವ ಹೊತ್ತು ಅದು. ಆದರೆ ಈ ಊರಿನಿಂದ ಅಮೆರಿಕಕ್ಕೆ ಹಡಗೇರುವ ಸಿಗಡಿಯಲ್ಲಿ ಬಹುಪಾಲು ಈ ದೋಣಿಗಳು ತಂದದ್ದಲ್ಲ. ಅದು ಕರಾವಳಿ ಜಿಲ್ಲೆಗಳ ಹೊಂಡಗಳಲ್ಲಿ ಸಾಕಿದ ವನ್ನಾಮಿ. ಅದರ ತವರು ಮೆಕ್ಸಿಕೊದಿಂದ ಪೆರುವಿನವರೆಗೆ ಹಬ್ಬಿದ ಪೆಸಿಫಿಕ್ ತೀರ. 2009ರಲ್ಲಿ ನಮ್ಮಲ್ಲಿ ಅದನ್ನು ಸಾಕಲು ಒಪ್ಪಿಗೆ ಸಿಕ್ಕಿತು. ನೆಲ್ಲೂರಿನಿಂದ ಗೋದಾವರಿ ಜಿಲ್ಲೆಗಳವರೆಗೆ ಎಷ್ಟೋ ಭತ್ತದ ಗದ್ದೆಗಳು ಸಿಗಡಿ ಹೊಂಡಗಳಾದವು.

ಇದೇ ಸಿಗಡಿಯನ್ನು ಜಗತ್ತಿಗೆಲ್ಲ ಅತಿ ಹೆಚ್ಚು ಮಾರುವ ದೇಶ ಎಕ್ವಡಾರ್. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿಗೆ ಶೇ 50ರ ಸುಂಕ ಹಾಕಿದಾಗ ಎಕ್ವಡಾರಿಗೆ ಬಿದ್ದದ್ದು ಶೇ 15. ಗೋದಾವರಿ ಸೀಮೆಯ ಭೀಮವರದ ಸಾಕಣೆದಾರನ ಲಾಭನಷ್ಟ ಎಕ್ವಡಾರಿನ ಗ್ವಾಯಾಕಿಲ್ ಬಂದರಿನ ದರಕ್ಕೆ ತಗುಲಿಕೊಂಡಿದೆ. ಆ ಬಂದರಿನ ಪತ್ರಿಕೆಗಳು, ಅಲ್ಲಿನ ಸಾಕಣೆದಾರರ ವಾದವಿವಾದ, ಸಿಗಡಿ ಹೊಂಡಗಳಿಗಾಗಿ ಮ್ಯಾಂಗ್ರೋವ್ ಕಾಡು ಕಡಿದುದರ ವಿರುದ್ಧ ಅಲ್ಲಿನ ಮೀನುಗಾರ ಹೆಂಗಸರು ಎತ್ತಿದ ದನಿ ಎಲ್ಲವೂ ಸ್ಪ್ಯಾನಿಷ್‌ನಲ್ಲಿವೆ. ಈ ದಂಡೆಯ ಮಕ್ಕಳು ಸ್ಪ್ಯಾನಿಷ್ ಭಾಷೆಯನ್ನೂ ಲ್ಯಾಟಿನ್ ಅಮೆರಿಕದ ಬದುಕನ್ನೂ ಪದವಿಯ ಮುಖ್ಯ ವಿಷಯವಾಗಿ (ಮೇಜರ್) ಓದಿದರೆ ಹೇಗೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ಕಾಣಲಿಲ್ಲ.

ಬಂದರಿನಿಂದ ಆಂಧ್ರ ವಿಶ್ವವಿದ್ಯಾಲಯಕ್ಕೆ ಬೀಚ್ ರಸ್ತೆಯಲ್ಲೇ ಹೋಗಿ, ವಾಲ್ಟೇರಿನ ಏರು ಹತ್ತಬೇಕು. ಈ ವಿಶ್ವವಿದ್ಯಾಲಯ 1926ರಲ್ಲಿ ಹುಟ್ಟಿದ್ದು ಇಲ್ಲಲ್ಲ, ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ. 1930ರಲ್ಲಿ ಅದು ವಾಲ್ಟೇರಿಗೆ ಬಂತು. ಸಿ.ಆರ್. ರೆಡ್ಡಿ ಮೊದಲ ಕುಲಪತಿ, ಅವರ ನಂತರ ಬಂದವರು ರಾಧಾಕೃಷ್ಣನ್. 1933ರಲ್ಲಿ ರವೀಂದ್ರನಾಥ ಟ್ಯಾಗೋರರು ಇಲ್ಲಿಗೆ ಬಂದು ಮನುಷ್ಯನ ಕುರಿತು ಉಪನ್ಯಾಸ ಕೊಟ್ಟರು.

ಟ್ಯಾಗೋರರ ಹೆಸರು ಬಂದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಆ ಉಪನ್ಯಾಸಕ್ಕೆ ಒಂಬತ್ತು ವರ್ಷ ಮೊದಲು, 1924ರಲ್ಲಿ, ಪೆರುವಿಗೆ ಹೊರಟಿದ್ದ ಅವರು ಕಾಯಿಲೆ ಬಿದ್ದು ಬ್ಯೂನಸ್ ಐರಿಸ್‌ನಲ್ಲಿ ಉಳಿದರು. ಅಲ್ಲಿಯ ಲೇಖಕಿ ವಿಕ್ಟೋರಿಯಾ ಒಕಾಂಪೊ ಅವರನ್ನು ಸಾನ್ ಇಸಿದ್ರೊದ ಮನೆಯಲ್ಲಿ ಇರಿಸಿಕೊಂಡು ಆರೈಕೆ ಮಾಡಿದರು. ಮರುವರ್ಷ ಬಂದ 'ಪೂರಬಿ' ಸಂಕಲನವನ್ನು ಟ್ಯಾಗೋರರು ಆಕೆಗೇ ಅರ್ಪಿಸಿದರು. ಸ್ಪ್ಯಾನಿಷ್ ಓದುಗರಿಗೆ ಟ್ಯಾಗೋರರು ಆಗಲೇ ಪರಿಚಿತರು. 1915ರಿಂದ ಸೆನೋಬಿಯಾ ಕಾಂಪ್ರೂಬಿ ಎಂಬಾಕೆ, ಮುಂದೆ ನೊಬೆಲ್ ಪಡೆದ ಗಂಡ ಹುವಾನ್ ರಾಮೋನ್ ಹಿಮೆನೆಸ್ ಜೊತೆ ಕೂತು ಅವರನ್ನು ಅನುವಾದಿಸುತ್ತಾ ಬಂದಿದ್ದರು. ವಾಲ್ಟೇರಿನ ಸಭೆಯಲ್ಲಿ ಮಾತಾಡಿದ ಕವಿಯನ್ನು ಚಿಲಿ, ಅರ್ಜೆಂಟೀನಾಗಳ ಹುಡುಗರು ತಮ್ಮದೇ ಭಾಷೆಯ ಕವಿಯೆಂಬಂತೆ ಓದಿ ಬೆಳೆದರು. ಸ್ಪ್ಯಾನಿಷ್ ವಿಭಾಗವೊಂದಕ್ಕೆ ಮೊದಲ ವರ್ಷದ ಪಾಠ ಇಲ್ಲೇ ಸಿದ್ಧವಾಗಿದೆ ಎಂದು ನನಗನಿಸುತ್ತದೆ.

ವಿಜಯವಾಡಕ್ಕೆ ಮಧ್ಯಾಹ್ನದ ರತ್ನಾಚಲ್ ಎಕ್ಸ್‌ಪ್ರೆಸ್ ಹಿಡಿದೆ. ಅನಕಾಪಲ್ಲಿ, ತುನಿ, ಸಾಮರ್ಲಕೋಟ, ಆಮೇಲೆ ರಾಜಮಂಡ್ರಿಯಲ್ಲಿ ಗೋದಾವರಿ. ದಾರಿಯುದ್ದಕ್ಕೂ ಕಿಟಕಿಯಾಚೆ ಕಾಣುವ ಮೆಕ್ಕೆಜೋಳ, ಪಪ್ಪಾಯಿ, ಸೀಬೆ, ಹೊಗೆಸೊಪ್ಪು ಎಲ್ಲವೂ ಆಚೆಯ ಖಂಡದಿಂದ ಬಂದವೇ. ಮೆಣಸಿನಕಾಯಿಯನ್ನಂತೂ ಹೇಳಬೇಕಾಗಿಯೇ ಇಲ್ಲ: ಮೆಕ್ಸಿಕೊದ ಬೆಳೆ ಪೋರ್ಚುಗೀಸರ ಕೈಯಿಂದ ಬಂದು ಗುಂಟೂರಿನದಾಯಿತು, ನಮ್ಮ ಬ್ಯಾಡಗಿಯದಾಯಿತು.

ಇನ್ನು ಭಾಷೆಯ ಮಾತು. ತೆಲುಗು ಅಥವಾ ಕನ್ನಡ ಆಡುವವರಿಗೆ ಸ್ಪ್ಯಾನಿಷ್ ಇಂಗ್ಲಿಷಿಗಿಂತ ಬೇಗ ಬಾಯಿಗೆ ಹೊಂದುತ್ತದೆ. ಅದರ ಐದು ಸ್ವರಗಳು ನಮ್ಮ ಅ, ಎ, ಇ, ಒ, ಉಗಳೇ. ತ, ದಗಳು ನಮ್ಮಂತೆಯೇ ಹಲ್ಲಿಗೆ ತಾಗುತ್ತವೆ. ಕ್ರಿಯಾಪದದ ಕೊನೆಯೇ ಕರ್ತೃವನ್ನು ಹೇಳುತ್ತದೆ, 'ಬಂದೆ' ಎಂದರೆ ನಾನು ಎಂದು ತಿಳಿಯುವ ಹಾಗೆ. ಕಾಫಿ ಇಷ್ಟ ಎನ್ನಲು ಅವರೂ 'ನನಗೆ' ಎಂದೇ ಶುರು ಮಾಡುತ್ತಾರೆ. ಕಾಡುವುದು ಲಿಂಗ: ಮೇಜು ಹೆಣ್ಣು, ಪುಸ್ತಕ ಗಂಡು. ಅನುಮಾನ, ಹಾರೈಕೆ, ಆಸೆಗಳಿಗೆಂದೇ ಇರುವ ಕ್ರಿಯಾರೂಪ ಇನ್ನೂ ಕಷ್ಟ. ಅದು ಆರು ತಿಂಗಳ ಸರ್ಟಿಫಿಕೇಟ್ ಕೋರ್ಸಿನಲ್ಲಿ ಒಲಿಯುವಂಥದ್ದಲ್ಲ, ವರ್ಷಗಟ್ಟಲೆ ಓದು ಬೇಡುತ್ತದೆ. ಮೇಜರ್ ಬೇಕು ಎಂದು ನಾನು ಹಟ ಹಿಡಿಯುವುದು ಅದಕ್ಕೇ.

ಮರುದಿನ ನೋಡಿದ ವಿಜಯವಾಡದ ಲೊಯೋಲಾ ಕಾಲೇಜಿನ ಆವರಣ ಮರಗಳಿಂದ ತುಂಬಿದೆ. ಜೆಸ್ವಿಟರು 1953ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಕಾಲೇಜು. ಹೆಸರು ಸ್ಪೇನಿನ ಬಾಸ್ಕ್ ನಾಡಿನದು: ಅಲ್ಲಿಯ ಲೊಯೋಲಾದಲ್ಲಿ 1491ರಲ್ಲಿ ಹುಟ್ಟಿ ಮುಂದೆ ಜೆಸ್ವಿಟ್ ಸಂಘ ಕಟ್ಟಿದ ಇನ್ಯೀಗೊ, 1521ರಲ್ಲಿ ಪಾಂಪ್ಲೋನದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡು ಮಲಗಿದ್ದಾಗ ಸಂತರ ಕಥೆ ಓದಿ ಬದಲಾದ. ಮುಂದೆ ಅವನು ತನ್ನ 'ಆಧ್ಯಾತ್ಮಿಕ ಸಾಧನೆಗಳು' ಪುಸ್ತಕವನ್ನು ಬರೆದದ್ದು ಸ್ಪ್ಯಾನಿಷ್‌ನಲ್ಲಿ. ಹೀಗೆ ಸ್ಪೇನಿನ ಒಂದು ಊರು ಎಪ್ಪತ್ತು ವರ್ಷದಿಂದ ಇಲ್ಲಿಯ ಮಕ್ಕಳ ಅಂಕಪಟ್ಟಿಯ ಮೇಲಿದೆ.

ಕಾಲೇಜಿನಿಂದ ಹೆಚ್ಚು ದೂರವಿಲ್ಲ ಗುಣದಲದ ಗುಡ್ಡ. 1924ರಲ್ಲಿ ಇಟಲಿಯ ಪಾದ್ರಿಯೊಬ್ಬರು ಇಲ್ಲಿ ಮರಿಯಮ್ಮನ ಮೂರ್ತಿ ಇಟ್ಟರು. ಫೆಬ್ರುವರಿ 11ರ ಸುಮಾರಿಗೆ ನಡೆಯುವ ಉತ್ಸವಕ್ಕೆ ಲಕ್ಷಾಂತರ ಜನ ಬರುತ್ತಾರೆ, ಕ್ರೈಸ್ತರಷ್ಟೇ ಅಲ್ಲ. ಮುಡಿ ಕೊಡುತ್ತಾರೆ, ತೆಂಗಿನಕಾಯಿ ಒಡೆಯುತ್ತಾರೆ. ಅದೇ ಊರಿನ ಇಂದ್ರಕೀಲಾದ್ರಿಯಲ್ಲಿ ಕೃಷ್ಣೆಯ ಮಗ್ಗುಲಿಗೆ ಕನಕದುರ್ಗೆ ಕೂತಿದ್ದಾಳೆ. ಎರಡೂ ಗುಡ್ಡ ಹತ್ತುವ ಕುಟುಂಬಗಳಿವೆ.

ಮೆಕ್ಸಿಕೊ ನಗರದ ತೆಪೆಯಾಕ್ ಗುಡ್ಡವನ್ನು ಅರಿಯಲು ಗುಣದಲಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಕ್ಕೀತು? 1531ರಲ್ಲಿ ಹುವಾನ್ ದಿಯೆಗೊ ಎಂಬ ಮೂಲನಿವಾಸಿಗೆ ಅಲ್ಲಿ ಮರಿಯಮ್ಮ ಕಾಣಿಸಿಕೊಂಡು ಅವನ ನಾವಾತ್ಲ್ ಭಾಷೆಯಲ್ಲೇ ಮಾತಾಡಿದಳು ಎಂಬುದು ಜನರ ನಂಬಿಕೆ; ನಾವಾತ್ಲ್‌ನಲ್ಲಿರುವ ಆ ಕಥೆ 1649ರಲ್ಲಿ ಅಚ್ಚಾಯಿತು. ಅದೇ ಗುಡ್ಡದಲ್ಲಿ ಮೊದಲು ತೊನಾಂಟ್ಸಿನ್ ಎಂಬ ತಾಯಿದೇವತೆಯ ಪೂಜೆ ನಡೆಯುತ್ತಿತ್ತು, ಜನ ಮರಿಯಮ್ಮನನ್ನೂ ಆ ಹೆಸರಿನಿಂದಲೇ ಕರೆಯುತ್ತಾರೆ ಎಂದು ಸಾಹಾಗುನ್ ಎಂಬ ಪಾದ್ರಿ 16ನೇ ಶತಮಾನದಲ್ಲೇ ಆಕ್ಷೇಪಿಸಿದ್ದರು. ಪ್ಯಾರಿಸ್ಸಿನಲ್ಲಿ ಕೂತು ಓದುವವನಿಗೆ ಇದು ವಿಚಿತ್ರವಾಗಿ ಕಾಣಬಹುದು. ಗುಣದಲದ ಮೆಟ್ಟಿಲಲ್ಲಿ ಕಾಯಿ ಒಡೆದ ಅಜ್ಜಿಯ ಮೊಮ್ಮಗಳಿಗೆ ಅದು ಮನೆಯ ಸಂಗತಿ. ಪಠ್ಯದಲ್ಲಿ ಸಿಗದ ತಿಳಿವಳಿಕೆ ಅವಳಲ್ಲಿ ಮೊದಲೇ ಇದೆ. ಅದನ್ನು ಬಳಸಿಕೊಳ್ಳುವ ತರಗತಿ ಬೇಕು.

ಅವಳಿಗೆ ಇನ್ನೊಂದು ನಂಟೂ ಇರಬಹುದು. ಕೃಷ್ಣಾ, ಗುಂಟೂರು ಜಿಲ್ಲೆಗಳ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಟೆಕ್ಸಸ್ಸಿನಲ್ಲಿದ್ದಾರೆ, ಅಲ್ಲಿಯ ಜನರಲ್ಲಿ ಹತ್ತಕ್ಕೆ ನಾಲ್ವರು ಲ್ಯಾಟಿನೊಗಳು. ಫ್ರಿಸ್ಕೊ, ಇರ್ವಿಂಗ್‌ಗಳ ಶಾಲೆಯಲ್ಲಿ ತೆಲುಗು ಮಕ್ಕಳು, ನಮ್ಮ ಕನ್ನಡದ ಮಕ್ಕಳೂ, ಎರಡನೆಯ ಭಾಷೆಯಾಗಿ ಸ್ಪ್ಯಾನಿಷ್ ಕಲಿಯುತ್ತಾರೆ.

2023-24ರಲ್ಲಿ ಆಂಧ್ರದ ಪದವಿ ಕಾಲೇಜುಗಳಲ್ಲಿ ಮೂರು ವಿಷಯಗಳ ಹಳೆಯ ಜೋಡಣೆ ಹೋಗಿ ಒಂದೇ ಮೇಜರ್, ಜೊತೆಗೊಂದು ಮೈನರ್ ಬಂತು. ಆದರೂ ಸ್ಪ್ಯಾನಿಷ್ ಬಿ.ಎ. ಎಂದರೆ ಇಲ್ಲಿಯವರ ಬಾಯಲ್ಲಿ ಬರುವುದು ಹೈದರಾಬಾದಿನ ಇಫ್ಲು (ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ). 2014ರಲ್ಲಿ ರಾಜ್ಯ ಒಡೆದಾಗ ಅದು ತೆಲಂಗಾಣದ ಪಾಲಿನ ನೆಲದಲ್ಲಿ ಉಳಿಯಿತು. ಸ್ಪ್ಯಾನಿಷ್ ಮೇಜರ್, ಮತ್ಸ್ಯವಿಜ್ಞಾನ ಅಥವಾ ವಾಣಿಜ್ಯ ಮೈನರ್ ಎಂಬ ಜೋಡಿಯನ್ನು ವಿಶಾಖಪಟ್ಟಣ, ವಿಜಯವಾಡ ಎರಡೂ ಊರುಗಳು ಕಟ್ಟಬೇಕು. ಅಲ್ಲಿಯ ಮೂಲನಿವಾಸಿ ಭಾಷೆಗಳಾದ ಕ್ವೆಚುವಾ, ನಾವಾತ್ಲ್ ಆಡುವವರ ಬದುಕೂ ಪಾಠದಲ್ಲಿರಬೇಕು. ಅರಕು ಕಣಿವೆಯ ಆದಿವಾಸಿಗಳನ್ನು ಬಲ್ಲ ವಿಶಾಖಪಟ್ಟಣಕ್ಕೆ ಅದರ ಬೆಲೆ ಗೊತ್ತು.

ಸಂಜೆ ವಿಜಯವಾಡದ ಏಲೂರು ರಸ್ತೆಯ ಲೆನಿನ್ ಸೆಂಟರಿಗೆ ಬಂದೆ. ಹಳೆಯ ಪುಸ್ತಕಗಳ ಅಂಗಡಿಗಳು ಸಾಲಾಗಿವೆ. ಎಡಪಂಥದ ಓದು ಬೇರುಬಿಟ್ಟ ಈ ಊರಿಗೆ ಚೆ ಗೆವಾರ ಹೊಸಬನಲ್ಲ. ಆದರೆ ಅವನ ದಿನಚರಿಯನ್ನು ಅವನ ಭಾಷೆಯಲ್ಲೇ ಓದಿದವರು ಕಡಿಮೆ. ಕನ್ನಡದಲ್ಲೂ ಅಷ್ಟೆ. ಓ.ಎಲ್. ನಾಗಭೂಷಣ ಸ್ವಾಮಿ ಹುವಾನ್ ರುಲ್ಫೊನನ್ನು ತಂದುಕೊಟ್ಟರು, ಎ.ಎನ್. ಪ್ರಸನ್ನ ಮಾರ್ಕೆಸ್‌ನ ದೊಡ್ಡ ಕಾದಂಬರಿಯನ್ನು ಕನ್ನಡಿಸಿದರು; ಆ ಋಣ ದೊಡ್ಡದು. ಆದರೆ ಲ್ಯಾಟಿನ್ ಅಮೆರಿಕದ ಸಾಹಿತ್ಯ ನಮಗೆ ಬಹುಪಾಲು ಇಂಗ್ಲಿಷಿನ ಬಾಗಿಲಿನಿಂದಲೇ ಬಂದಿದೆ. ರುಲ್ಫೊನ 'ಪೆದ್ರೊ ಪರಾಮೊ' ತೆಳ್ಳನೆಯ ಪುಸ್ತಕ, ಮೂರನೆಯ ವರ್ಷದ ವಿದ್ಯಾರ್ಥಿ ಮೂಲದಲ್ಲೇ ಓದಿ ಮುಗಿಸಬಲ್ಲಷ್ಟು. ಗುಣದಲದ ಒಬ್ಬಳು ಅದನ್ನು ನೇರವಾಗಿ ತೆಲುಗಿಗೆ ತಂದರೆ, ನಮ್ಮ ಕನ್ನಡದ ಪ್ರತಿಯ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದಬೇಕೆಂಬ ಆಸೆ ನನಗಿದೆ.