ಘಟ್ಟದಿಂದ ಕಡಲಿಗೆ: ಸೈಕಲ್ ಪ್ರವಾಸದ ಶಿಸ್ತು

ಬಯಲುನಾಡಿನ ರಸ್ತೆಯಲ್ಲಿ ಸೈಕಲ್ ನಡೆಸಬಲ್ಲ ತರುಣನು ಘಟ್ಟವನ್ನೂ ಕರಾವಳಿಯನ್ನೂ ನಿರಾಯಾಸವಾಗಿ ಸುತ್ತಿಬರಬಲ್ಲನೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಇವೆರಡೂ ಸವಾರನಿಂದ ಬೇಡುವ ಶಿಸ್ತು ಒಂದೇ ಬಗೆಯದಲ್ಲ. ತರುಣರ ತಂಡವನ್ನು ಇಂತಹ ಪ್ರವಾಸಕ್ಕೆ ಕಳುಹಿಸುವ ಹಿರಿಯರು ಈ ಭೇದವನ್ನು ಮೊದಲೇ ಅರಿತಿರಬೇಕು; ಅರಿಯದಿದ್ದಲ್ಲಿ ಪ್ರಾಣಕ್ಕೇ ಸಂಚಕಾರ ಒದಗೀತು.

ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆಗಳ ಮೂಲಕ ಉಡುಪಿಗಿಳಿದು, ಕುಂದಾಪುರ, ಮರವಂತೆ, ಭಟ್ಕಳಗಳನ್ನು ಹಾದು ಹೊನ್ನಾವರವನ್ನು ಸೇರಿ, ಅಲ್ಲಿಂದ ಗೇರುಸೊಪ್ಪೆಯ ಮಾರ್ಗವಾಗಿ ಘಟ್ಟವೇರಿ ಜೋಗ, ಸಾಗರಗಳ ಮೂಲಕ ಹಿಂದಿರುಗುವ ವರ್ತುಲವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದು ಸುಮಾರು 450 ಕಿ.ಮೀ.ಗಳ ಹಾದಿ, ಏಳು ದಿನಗಳ ಅವಧಿ ಯುಕ್ತವಾದುದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವುದರಿಂದ ಮಳೆಗಾಲವನ್ನು ವರ್ಜಿಸಿ, ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವನ್ನು ಆರಿಸಿಕೊಳ್ಳುವುದು ಲೇಸು.

ಆಗುಂಬೆ ಘಾಟಿಯಲ್ಲಿ 14 ಕಡಿದಾದ ತಿರುವುಗಳಿವೆ. ಸವಾರ, ಸೈಕಲ್, ಸಾಮಾನು ಸೇರಿ 90 ಕಿಲೋಗ್ರಾಂ ಭಾರವು 500 ಮೀಟರ್ ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 4.4 ಲಕ್ಷ ಜೂಲ್. ಒಂದು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇದು ಸಾಕಾಗಿ ಮಿಗುತ್ತದೆ. ಗಾಳಿಯ ತಡೆಗೆ ಹೋದ ಪಾಲನ್ನು ಕಳೆದರೆ ಉಳಿದುದರ ಬಹುಭಾಗ ಬ್ರೇಕುಗಳಲ್ಲಿ ಶಾಖವಾಗಬೇಕು. ಬ್ರೇಕನ್ನು ಬಿಡದೆ ಹಿಡಿದರೆ ಚಕ್ರದ ರಿಮ್ಮು ಕಾದು ಟ್ಯೂಬು ಸಿಡಿಯಬಹುದು. ಆದ್ದರಿಂದ ತಿರುವಿಗೆ ಮುಂಚೆಯೇ ಎರಡೂ ಬ್ರೇಕುಗಳನ್ನು ಹಿಡಿದು ವೇಗವನ್ನು ತಗ್ಗಿಸಿ, ತಿರುವಿನಲ್ಲಿ ಸಡಿಲಿಸಬೇಕು. ಒಬ್ಬನಿಂದೊಬ್ಬನು ಬಹುದೂರ ಇರಬೇಕು. ಮುಂದಿನವನು ಬಿದ್ದರೂ ಹಿಂದಿನವನಿಗೆ ನಿಲ್ಲಲು ಅವಕಾಶವಿರಬೇಕು.

ಕರಾವಳಿಯಲ್ಲಿ ಈ ನಿಯಮ ಮಾರ್ಪಡುತ್ತದೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ; ರಸ್ತೆ ಸಮತಟ್ಟಾಗಿದ್ದರೂ ಗಾಳಿಯೇ ಅಲ್ಲಿನ ಏರು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ಗಾಳಿಯಿಲ್ಲದ ವೇಳೆಯಲ್ಲಿಯೂ ವೇಗವನ್ನು ಇಮ್ಮಡಿಗೊಳಿಸಿದರೆ ಅದನ್ನು ಮೀರಲು ಎಂಟು ಪಟ್ಟು ಶ್ರಮಶಕ್ತಿ ಬೇಕು. ಹಗಲೇರಿದಂತೆ ನೆಲ ಕಾದು ಕಡಲಗಾಳಿ ಬಲಗೊಳ್ಳುತ್ತದೆ. ನಸುಕಿನಲ್ಲೇ ಹೊರಡುವುದು ಜಾಣತನ. ಇಲ್ಲಿ ಬಲಿಷ್ಠನು ಸರದಿಯಂತೆ ಮುಂದೆ ನಡೆದರೆ, ಅವನ ಹಿಂದೆ ಒಂದು ಸೈಕಲ್ಲಿನಷ್ಟು ಅಂತರದಲ್ಲಿ ಬರುವ ದುರ್ಬಲನ ಹೊರೆ ಗಣನೀಯವಾಗಿ ಹಗುರಾಗುತ್ತದೆ. ಆದರೆ ವಾಹನದಟ್ಟಣೆಯ ಹೆದ್ದಾರಿಯಲ್ಲಿ ಒಂದೇ ಸಾಲನ್ನು ಮುರಿಯಕೂಡದು. ಚಕ್ರಕ್ಕೆ ಚಕ್ರ ತಾಗಿಸಲೂ ಕೂಡದು.

ಗೇರುಸೊಪ್ಪೆಯಿಂದ ಮೇಲೇರುವಾಗ ವೇಗ ತಗ್ಗಿ, ಈ ಆಸರೆಯ ಪ್ರಯೋಜನ ಬಹುಮಟ್ಟಿಗೆ ಇಲ್ಲವಾಗುತ್ತದೆ. ಅಲ್ಲಿ ಸವಾರನು ತನ್ನ ಭಾರವನ್ನು ತಾನೇ ಎತ್ತಬೇಕು. ಗೇರುಗಳು ಏರಿನ ಕೆಲಸವನ್ನು ಕಡಿಮೆ ಮಾಡವು. ತುಳಿತವನ್ನು ಮೆದುಗೊಳಿಸಿ ಅದನ್ನು ಹೆಚ್ಚು ಸುತ್ತುಗಳಿಗೆ ಹಂಚುತ್ತವೆ. ಗೇರಿಲ್ಲದ ಸೈಕಲ್ಲನ್ನು ಇಳಿದು ತಳ್ಳುವುದು ಅವಮಾನವಲ್ಲ. ಏರಿ ಬಂದವರಿಗೆ 253 ಮೀಟರ್ ಎತ್ತರದಿಂದ ಧುಮುಕುವ ಶರಾವತಿಯ ದರ್ಶನ ಜೋಗದಲ್ಲಿ ಕಾದಿರುತ್ತದೆ.

ಹೀಗೆ ಇಳಿಜಾರಿನಲ್ಲಿ ಅಂತರ, ಗಾಳಿಯಲ್ಲಿ ಆಸರೆ, ಏರಿನಲ್ಲಿ ತಾಳ್ಮೆ—ಇವು ಮೂರೂ ಅವಶ್ಯಕ. ತಂಡದ ವೇಗವನ್ನು ನಿರ್ಧರಿಸತಕ್ಕವನು ಅತ್ಯಂತ ದುರ್ಬಲ ಸವಾರನೇ. ಅವನು ಕ್ಷೇಮವಾಗಿ ಊರು ಸೇರಿದಾಗಲೇ ಪ್ರವಾಸವು ಪೂರ್ಣಗೊಂಡಿತೆನ್ನಬೇಕು.