ಬಿಚ್ಚಿ ಕಟ್ಟಿದರೆ ಉಳಿದೀತು ಹಳೆಯ ಮನೆ

ಹುಕ್ಕೇರಿ ತಾಲೂಕಿನ ಘೋಡಗೇರಿಯಿಂದ ಗೋಕಾಕ, ಮೂಡಲಗಿಯವರೆಗಿನ ಘಟಪ್ರಭಾ ಸೀಮೆಯಲ್ಲಿ ಹಳೆಯ ಮನೆಯೆಂದರೆ ಮೊಳಗಟ್ಟಲೆ ದಪ್ಪದ ಮಣ್ಣಿನ ಗೋಡೆ, ಮರದ ಕಂಬ, ತೊಲೆ, ಜಂತಿಗಳ ಮೇಲೆ ನಿಂತ ಮಾಳಿಗೆ, ಬೆಳಕಿಂಡಿಯಿಂದ ಇಳಿಯುವ ಬಿಸಿಲು. ಗೌಡರ, ದೇಸಾಯರ ವಾಡೆಗಳಲ್ಲಾದರೆ ತಲೆಬಾಗಿಲಿಗೂ ಕಂಬದ ಬೋದಿಗೆಗೂ ಕುಸುರಿ ಕೆತ್ತನೆ. ಈ ಮನೆಗಳು ಇಂದು ಒಂದೊಂದಾಗಿ ನೆಲಕ್ಕುರುಳುತ್ತಿವೆ. ಇದೇ ಘಟಪ್ರಭೆಯ ದಂಡೆಯ ಮೇಲಿರುವ ಮುಧೋಳದ ಅರಮನೆಯ ದರ್ಬಾರು ಸಭಾಂಗಣ ಮಾತ್ರ ಬೇರೆಯದೇ ಹಾದಿ ಹಿಡಿಯಿತು. ಅದನ್ನು ಈಗ ನೋಡಬೇಕೆಂದರೆ ಮುಧೋಳಕ್ಕಲ್ಲ, ಪಶ್ಚಿಮ ಘಟ್ಟ ಇಳಿದು ಉಡುಪಿ ಜಿಲ್ಲೆಯ ಮಣಿಪಾಲಕ್ಕೆ ಹೋಗಬೇಕು.

ಕಟ್ಟಡವನ್ನು ಮೂಲಸ್ಥಳದಿಂದ ಬಿಚ್ಚಿ ಮತ್ತೊಂದೆಡೆ ಯಥಾವತ್ತಾಗಿ ನಿಲ್ಲಿಸುವ ಈ ಕಾರ್ಯಕ್ಕೆ ಸ್ಥಳಾಂತರ ಸಂರಕ್ಷಣೆ ಎನ್ನಬಹುದು. ಇದು ಸಾಧ್ಯವಾಗುವುದು ಹೇಗೆ? ಎಲ್ಲ ಮನೆಗಳಿಗೂ ಇದು ಒಗ್ಗುವುದೇ?

ಮಣಿಪಾಲದ ಪ್ರಯೋಗ

ಈ ಕ್ಷೇತ್ರದಲ್ಲಿ ಕರ್ನಾಟಕದ ಮಟ್ಟಿಗೆ ಮೊದಲು ನೆನಪಾಗುವ ಹೆಸರು ವಿಜಯನಾಥ ಶೆಣೈ ಅವರದು. ವೃತ್ತಿಯಿಂದ ಬ್ಯಾಂಕ್ ಉದ್ಯೋಗಿಯಾಗಿದ್ದ ಅವರು ಕರಾವಳಿಯ ಹಳೆಯ ಮನೆಗಳು ಕೆಡವಲ್ಪಟ್ಟು ಕಂಬ, ಬಾಗಿಲುಗಳು ಸೌದೆಯ ಬೆಲೆಗೆ ಹೋಗುವುದನ್ನು ಕಂಡು ಮರುಗಿದವರು. ಅಂತಹ ಬಿಡಿಭಾಗಗಳನ್ನು ಕೂಡಿಹಾಕಿ ಮೊದಲು ತಮ್ಮದೇ ಮನೆಯನ್ನು ಕಟ್ಟಿಕೊಂಡರು. ಅದಕ್ಕೆ ಇಟ್ಟ ಹೆಸರು ‘ಹಸ್ತಶಿಲ್ಪ’. ಆದರೆ ಬಿಡಿಭಾಗಗಳನ್ನು ಉಳಿಸಿದ ಮಾತ್ರಕ್ಕೆ ಮನೆ ಉಳಿದಂತಾಗುವುದಿಲ್ಲ. ಆದ್ದರಿಂದ ಮುಂದಿನ ಹೆಜ್ಜೆಯಾಗಿ ಇಡಿಯ ಮನೆಗಳನ್ನೇ ತಂದು ನಿಲ್ಲಿಸುವ ಕಾರ್ಯಕ್ಕೆ ಕೈಹಾಕಿದರು. ಹೀಗೆ ಮೈದಳೆದದ್ದೇ ಮಣಿಪಾಲದ ಅನಂತನಗರದಲ್ಲಿ ಸುಮಾರು 6 ಎಕರೆ ಪ್ರದೇಶದಲ್ಲಿರುವ ಹಸ್ತಶಿಲ್ಪ ಪಾರಂಪರಿಕ ಗ್ರಾಮ.

1816ರ ಕಾಲದ ಕುಂಜೂರು ಚೌಕಿಮನೆ, ಮಿಯಾರಿನ ಮನೆ, ಕೊಪ್ಪಳ ಜಿಲ್ಲೆಯ ಕುಕನೂರಿನ ಕಮಲ ಮಹಲ್, ಬೀದರ್ ಜಿಲ್ಲೆಯ ಹುಮನಾಬಾದಿನ ನವಾಬ ಮಹಲ್, ಮುಧೋಳದ ದರ್ಬಾರು ಸಭಾಂಗಣ ಇವೆಲ್ಲ ಅಲ್ಲಿ ನೆಲೆ ಕಂಡಿವೆ. ಶೆಣೈ ಅವರು 2017ರಲ್ಲಿ ನಿಧನರಾದರು.

ನೆರೆಯ ತಮಿಳುನಾಡಿನಲ್ಲಿ, ಚೆನ್ನೈ ಸಮೀಪದ ಮುಟ್ಟುಕಾಡಿನಲ್ಲಿ 1996ರಲ್ಲಿ ಆರಂಭಗೊಂಡ ದಕ್ಷಿಣಚಿತ್ರ ಇದೇ ಬಗೆಯ ಮತ್ತೊಂದು ಕೇಂದ್ರ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ನೇಕಾರರ ಮನೆಗೂ ಅಲ್ಲಿ ಸ್ಥಾನ ದೊರೆತಿದೆ. ಇಂತಹ ಬಯಲು ವಸ್ತುಸಂಗ್ರಹಾಲಯಗಳಿಗೆಲ್ಲ ಮಾದರಿಯಾದದ್ದು ಸ್ವೀಡನ್ನಿನ ಆರ್ಟರ್ ಹಜೇಲಿಯಸ್ ಎಂಬವರು 1891ರಲ್ಲಿ ಸ್ಟಾಕ್‌ಹೋಮಿನಲ್ಲಿ ಸ್ಥಾಪಿಸಿದ ಸ್ಕಾನ್ಸೆನ್.

ಬಿಚ್ಚುವ ಮೊದಲು ಬರೆದಿಡಬೇಕು

ಸ್ಥಳಾಂತರದಲ್ಲಿ ಎರಡು ಬಗೆ. ಮೊದಲನೆಯದು ಕಟ್ಟಡವನ್ನು ಇಡಿಯಾಗಿ ಎತ್ತಿ ಸಾಗಿಸುವುದು. ಮೈಸೂರು-ಬೆಂಗಳೂರು ಜೋಡಿ ರೈಲು ಮಾರ್ಗಕ್ಕೆ ಅಡ್ಡವಾಗಿದ್ದ ಶ್ರೀರಂಗಪಟ್ಟಣದ ಟಿಪ್ಪು ಶಸ್ತ್ರಾಗಾರವನ್ನು 2017ರಲ್ಲಿ ಹೀಗೆ ಸಾಗಿಸಲಾಯಿತು. ಇಟ್ಟಿಗೆ-ಗಾರೆಯ ಆ ಕಟ್ಟಡದ ಅಡಿಗೆ ಉಕ್ಕಿನ ತೊಲೆಗಳನ್ನು ತೂರಿಸಿ, ಹೈಡ್ರಾಲಿಕ್ ಜಾಕ್‌ಗಳಿಂದ ಮೇಲೆತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಹೊಸ ತಳಪಾಯದ ಮೇಲೆ ಕೂರಿಸಲಾಯಿತು. ವೆಚ್ಚ ಭಾರಿ, ದೂರ ಅಲ್ಪ. ಖಾಸಗಿ ಮನೆಗಳಿಗೆ ಇದು ನಿಲುಕುವಂಥದ್ದಲ್ಲ.

ಎರಡನೆಯದು ಬಿಚ್ಚಿ ಕಟ್ಟುವ ಬಗೆ. ಮರದ ಚೌಕಟ್ಟಿನ ಮನೆಗಳಿಗೆ ಹೇಳಿಮಾಡಿಸಿದಂತಿರುವುದು ಇದೇ. ಹಿಂದಿನ ಬಡಿಗರು ಕಂಬ, ಬೋದಿಗೆ, ತೊಲೆಗಳನ್ನು ಕುಣಿಕೆ ಮತ್ತು ಮರದ ಗೂಟಗಳಿಂದ ಕೂಡಿಸುತ್ತಿದ್ದರು. ಮೊಳೆ ಹೊಡೆದ ಕೆಲಸವಲ್ಲವಾದ್ದರಿಂದ ಗೂಟ ತೆಗೆದರೆ ಕೂಡಿಕೆ ಬಿಚ್ಚಿಕೊಳ್ಳುತ್ತದೆ, ಮರಕ್ಕೆ ಪೆಟ್ಟಾಗುವುದಿಲ್ಲ.

ಕೆಲಸ ಆರಂಭವಾಗುವುದು ಸುತ್ತಿಗೆಯಿಂದಲ್ಲ, ಅಳತೆಪಟ್ಟಿಯಿಂದ. ಪ್ರತಿ ಕೋಣೆಯ ಅಳತೆ, ನಕ್ಷೆ, ಛಾಯಾಚಿತ್ರಗಳು ಸಿದ್ಧವಾದ ಬಳಿಕ ಪ್ರತಿಯೊಂದು ಕಂಬಕ್ಕೂ ಜಂತಿಗೂ ಅಳಿಸಲಾಗದ ಸಂಖ್ಯೆ ನೀಡಿ, ಅದನ್ನೇ ನಕ್ಷೆಯಲ್ಲೂ ಗುರುತಿಸಲಾಗುತ್ತದೆ. ಅನಂತರ ಕಟ್ಟಿದ ಕ್ರಮಕ್ಕೆ ತಿರುವುಮುರುವಾಗಿ ಬಿಚ್ಚುವುದು: ಮೊದಲು ಛಾವಣಿ, ಆಮೇಲೆ ಜಂತಿ, ತೊಲೆ, ಬೋದಿಗೆ, ಕೊನೆಗೆ ಕಂಬ. ಗೆದ್ದಲು ಹಿಡಿದ ಅಥವಾ ಕೊಳೆತ ಭಾಗವನ್ನಷ್ಟೇ ಕತ್ತರಿಸಿ ಅದೇ ಜಾತಿಯ ಮರವನ್ನು ಬೆಸೆಯಲಾಗುತ್ತದೆ. ಇಡೀ ಕಂಬವನ್ನು ಬದಲಿಸುವುದು ಕೊನೆಯ ಉಪಾಯ.

ಗೋಡೆಯ ಸಮಸ್ಯೆ

ಮಣ್ಣಿನ ಗೋಡೆಯನ್ನು ಲಾರಿಗೆ ಏರಿಸಲಾಗದು. ಅದರ ಅಗಲ, ಎತ್ತರ, ಮಾಡ, ಕಿಟಕಿಗಳ ಸ್ಥಾನವನ್ನು ದಾಖಲಿಸಿಕೊಂಡು ಹೊಸ ಜಾಗದಲ್ಲಿ ಮತ್ತೆ ಕಟ್ಟಬೇಕು. ಹಳೆಯ ಗೋಡೆಯ ಮಣ್ಣನ್ನೇ ಸಾಣಿಸಿ, ಕಲಸಿ ಬಳಸಲು ಸಾಧ್ಯವಿದೆ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಸಿಮೆಂಟ್ ಗಿಲಾವು. ಮಣ್ಣಿನ ಗೋಡೆ ಹೀರಿದ ತೇವ ಹೊರಬೀಳಲು ಸಿಮೆಂಟ್ ಬಿಡದು. ಒಳಗೇ ಉಳಿದ ತೇವ ಗೋಡೆಯನ್ನೂ ಅದಕ್ಕೆ ತಾಗಿದ ಮರವನ್ನೂ ತಿನ್ನುತ್ತದೆ. ಸುಣ್ಣದ ಗಾರೆ ಅಥವಾ ಮಣ್ಣಿನ ಗಿಲಾವೇ ತಕ್ಕುದು.

ಹವಾಮಾನವೂ ಲೆಕ್ಕಕ್ಕೆ ಬರುತ್ತದೆ. ಮುಧೋಳ ಭಾಗದ ವಾರ್ಷಿಕ ಮಳೆ ಸುಮಾರು 600 ಮಿ.ಮೀ. ಅಥವಾ ಅದಕ್ಕೂ ಕಡಿಮೆ. ಉಡುಪಿ ಜಿಲ್ಲೆಯಲ್ಲಿ ಅದು 4,000 ಮಿ.ಮೀ. ಆಸುಪಾಸು. ಬಯಲುಸೀಮೆಗೆಂದು ಕಟ್ಟಿದ ಮಣ್ಣಿನ ಮಾಳಿಗೆ ಕರಾವಳಿಯ ಮಳೆಗಾಲವನ್ನು ರಕ್ಷಣೆಯಿಲ್ಲದೆ ತಾಳಲಾರದು. ದೂರ ಹೋದಷ್ಟೂ ಮನೆಗೆ ಹೊಸ ಅಪಾಯ ಎದುರಾಗುವುದು ಹೀಗೆ.

ಕೊನೆಯ ಉಪಾಯವೇ ಹೊರತು ಮೊದಲನೆಯದಲ್ಲ

ಸ್ಮಾರಕ ಸಂರಕ್ಷಣೆ ಕುರಿತ 1964ರ ವೆನಿಸ್ ಸನ್ನದು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಸ್ಮಾರಕವನ್ನು ಅದರ ಇತಿಹಾಸದಿಂದಲೂ ಪರಿಸರದಿಂದಲೂ ಬೇರ್ಪಡಿಸಲಾಗದು, ಅದರ ಉಳಿವಿಗೆ ಅನಿವಾರ್ಯವಾದಾಗ ಅಥವಾ ಬಲವಾದ ರಾಷ್ಟ್ರೀಯ, ಅಂತಾರಾಷ್ಟ್ರೀಯ ಹಿತಾಸಕ್ತಿ ಇದ್ದಾಗ ಮಾತ್ರ ಸ್ಥಳಾಂತರಕ್ಕೆ ಅವಕಾಶ ಎಂಬುದು ಅದರ ನಿಲುವು. ಓಣಿ, ದನದ ಹಕ್ಕೆ, ಕಟ್ಟೆಯ ಮೇಲಿನ ಮಾತುಕತೆ ಇವು ಮನೆಯೊಂದಿಗೆ ಸಾಗುವುದಿಲ್ಲ. ಸಂಗ್ರಹಾಲಯ ಸೇರಿದ ಮನೆಯಲ್ಲಿ ಒಲೆ ಉರಿಯುವುದಿಲ್ಲ.

ಆದರೂ ಘಟಪ್ರಭಾ ಸೀಮೆಯ ಮುಂದೆ ಅನಿವಾರ್ಯತೆಯ ನಿದರ್ಶನಗಳು ಸಾಕಷ್ಟಿವೆ. ಹಿಡಕಲ್ ಜಲಾಶಯದ ನೀರು ಇಳಿದಾಗ ಹುನ್ನೂರಿನ ವಿಠ್ಠಲ ದೇವಾಲಯ ಇಂದಿಗೂ ಮೇಲೆ ಕಾಣಿಸಿಕೊಳ್ಳುತ್ತದೆ. ಅದು ಕಲ್ಲಿನದು, ಆದ್ದರಿಂದ ಉಳಿಯಿತು. ಮುಳುಗಡೆಯಾದ ಮಣ್ಣಿನ ಮನೆ ಹೀಗೆ ಮತ್ತೆ ಮೇಲೇಳದು. 2019ರ ಆಗಸ್ಟ್ ಪ್ರವಾಹದಲ್ಲಿ ಗೋಕಾಕ ಪಟ್ಟಣಕ್ಕೆ ನದಿ ನುಗ್ಗಿದಾಗ, ಜಿಲ್ಲೆಯಾದ್ಯಂತ ಕುಸಿದ ಮನೆಗಳಲ್ಲಿ ಮಣ್ಣಿನ ಗೋಡೆಯವೇ ಹೆಚ್ಚಾಗಿದ್ದವು.

ನೆರೆಗಿಂತ ಸದ್ದಿಲ್ಲದೆ ನಡೆಯುವ ನಾಶ ಇನ್ನೊಂದಿದೆ. ಆಸ್ತಿ ಪಾಲಾದಾಗ ಮನೆ ಕೆಡವಿ, ಕೆತ್ತನೆಯ ಬಾಗಿಲನ್ನು ಒಬ್ಬರಿಗೆ, ಕಂಬಗಳನ್ನು ಮತ್ತೊಬ್ಬರಿಗೆ ಮಾರಲಾಗುತ್ತದೆ. ಸಂರಕ್ಷಿತ ಸ್ಮಾರಕವೆಂದು ಸರ್ಕಾರ ಘೋಷಿಸದ ಮನೆಗೆ 1961ರ ಕರ್ನಾಟಕ ಪ್ರಾಚೀನ ಸ್ಮಾರಕಗಳ ಕಾಯಿದೆಯ ರಕ್ಷಣೆ ಒದಗದು. ನಿರ್ಧಾರ ಮನೆಯವರದೇ. ದುರಸ್ತಿಗೆ ಹಣವಿಲ್ಲದ ಕುಟುಂಬವನ್ನು ಇದಕ್ಕಾಗಿ ದೂರುವುದೂ ನ್ಯಾಯವಲ್ಲ.

ಅಂತಹ ಕುಟುಂಬದಿಂದಲೂ ಆಗಬಹುದಾದ ಒಂದು ಕೆಲಸವಿದೆ. ಮನೆ ಕೆಡಹುವ ಮೊದಲು ಎಲ್ಲ ಕೋಣೆಗಳ ಚಿತ್ರ ತೆಗೆದು, ಅಳತೆ ಬರೆದು, ಕಂಬ-ತೊಲೆಗಳಿಗೆ ಸಂಖ್ಯೆ ಹಾಕಿ, ಮಾರುವುದಾದರೆ ಇಡೀ ಚೌಕಟ್ಟನ್ನು ಒಟ್ಟಿಗೆ ಮಾರುವುದು. ಹತ್ತಿರದ ವಾಸ್ತುಶಿಲ್ಪ ಅಥವಾ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳಿಗೆ ಹೇಳಿದರೆ ನಕ್ಷೆಯ ಕೆಲಸಕ್ಕೆ ನೆರವೂ ದೊರೆತೀತು. ಊರಿನ ಎತ್ತರದ ಜಾಗದಲ್ಲಿ ಅದೇ ಚೌಕಟ್ಟು ಗ್ರಂಥಾಲಯವಾಗಿಯೋ ಸಮುದಾಯ ಭವನವಾಗಿಯೋ ಮತ್ತೆ ನಿಲ್ಲಬಹುದು. ಹಾಗಾದಲ್ಲಿ ಮನೆ ನೂರಾರು ಕಿಲೋಮೀಟರ್ ದೂರ ಸಾಗಬೇಕಿಲ್ಲ, ಘಟಪ್ರಭೆಯ ಮಕ್ಕಳು ತಮ್ಮ ಸೀಮೆಯ ಮನೆಯನ್ನು ನೋಡಲು ಮಣಿಪಾಲದವರೆಗೆ ಹೋಗಬೇಕಿಲ್ಲ.