ಪಲ್ಟಿಯಾಗದ ಕಾರು ಕಟ್ಟುವುದು ಹೇಗೆ?

ಮಕ್ಕಳು ಕಂಪ್ಯೂಟರ್ ಮುಂದೆ ಕುಳಿತು ಕಾರು ಓಡಿಸುತ್ತಿದ್ದರೆ 'ಕಾಲಹರಣ' ಎಂದು ಗದರುವವರೇ ನಮ್ಮಲ್ಲಿ ಹೆಚ್ಚು. ಒಮ್ಮೆ ನೀವೂ ಪಕ್ಕದಲ್ಲಿ ಕುಳಿತು 'ಬೀಮ್‌ಎನ್‌ಜಿ ಡ್ರೈವ್' ಎಂಬ ಆಟವನ್ನು ನೋಡಿ. ಜರ್ಮನಿಯ ಬ್ರೆಮೆನ್ ನಗರದ ಸಂಸ್ಥೆಯೊಂದು 2013ರಲ್ಲಿ ಇದನ್ನು ಮೊದಲು ಹೊರತಂದಿತು.

ಇಲ್ಲಿ ಕಾರೆಂದರೆ ಬರಿಯ ಚಿತ್ರವಲ್ಲ. ತೂಕವುಳ್ಳ ನೂರಾರು ಬಿಂದುಗಳು, ಅವನ್ನು ಜೋಡಿಸುವ ಸ್ಪ್ರಿಂಗಿನಂಥ ಕಂಬಿಗಳು. ಇವುಗಳ ಎಳೆದಾಟವನ್ನು ಕಂಪ್ಯೂಟರ್ ಸೆಕೆಂಡಿಗೆ 2000 ಬಾರಿ ಲೆಕ್ಕ ಹಾಕುತ್ತದೆ. ಸ್ವಂತ ಕಾರು ಕಟ್ಟಹೊರಟವರು 'ಗಟ್ಟಿಯಾಗಿರಲಿ' ಎಂದು ಕಂಬಿಗಳನ್ನು ಅತಿಯಾಗಿ ಬಿಗಿದರೋ, ಹಗುರ ಬಿಂದುಗಳು ತಾಳಲಾರದೆ ನಡುಗಿ, ಕಾರು ನಿಂತಲ್ಲೇ ಚೆಲ್ಲಾಪಿಲ್ಲಿ! ತೂಕಕ್ಕೆ ತಕ್ಕಷ್ಟೇ ಬಿಗಿ ಇರಬೇಕು.

ರಸ್ತೆಗಿಳಿದ ಮೇಲೆ ಎರಡನೆಯ ಪಾಠ. ಭಾರ ತಳದಲ್ಲಿದ್ದು, ಎಡಬಲ ಚಕ್ರಗಳ ನಡುವಿನ ಅಂತರ ಹೆಚ್ಚಿದ್ದರೆ ಕಾರು ತಿರುವಿನಲ್ಲೂ ನೆಲ ಬಿಡದು. ಭಾರ ಮೇಲೇರಿದಷ್ಟೂ ಪಲ್ಟಿಯ ಭಯ. ಅದೇ ತಿರುವಿನಲ್ಲಿ ವೇಗ ಎರಡು ಪಟ್ಟಾದರೆ ಹೊರಕ್ಕೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ.

ಆಟದಲ್ಲಿ ಕಾರು ಉರುಳಿದರೆ ಬಟನ್ ಒತ್ತಿದರಾಯಿತು, ಮತ್ತೆ ಹೊಸದು. ರಜೆ ಬಂತೆಂದರೆ ಮೇಲಿನ ಕ್ಯಾರಿಯರ್ ತುಂಬ ಪೆಟ್ಟಿಗೆ, ಮೂಟೆ ಪೇರಿಸಿಕೊಂಡು ಘಾಟಿ ದಾಟಿ ಊರಿಗೆ ಹೊರಡುವ ನಮಗೆ ಅಂಥ ಬಟನ್ ಇಲ್ಲ. ಈ ಬಾರಿ ಹೊರಡುವ ಮುನ್ನ ಮಗನನ್ನೋ ಮಗಳನ್ನೋ ಕರೆದು, "ಕಾರಿನ ಮೇಲೆ ಭಾರ ಹೇರಿ ತಿರುವಿನಲ್ಲಿ ಓಡಿಸಿ ತೋರಿಸು" ಎನ್ನಿ. ನೋಡಿದ ಮೇಲೆ ಭಾರದ ಮೂಟೆಗಳನ್ನು ನೀವೇ ಕೆಳಗಿಳಿಸುತ್ತೀರಿ.